ಕಂಕುಳಲ್ಲಿ ಕಿರೀಟ ಇಟ್ಟುಕೊಂಡು ಬಂದವನು

ನನ್ನ ಪುಸ್ತಕವನ್ನು ಮೊದಲು ನಂಬಿದವರು ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು. ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಒಮ್ಮೆ ಬಾಗಿಲ ಕಡೆ ನೋಡಿ, "ಮೇಡಂ, ನನಗೊಬ್ಬನಿಗೆ ಹೇಳಿ. ಇದು ಯಾರ ಆತ್ಮಕಥೆ?" ಎಂದರು.

"ಯಾರದ್ದೂ ಅಲ್ಲ ಸಾರ್. ಕಾದಂಬರಿ ಅದು. ತಮಾಷೆಗೆ ಬರೆದದ್ದು."

"ಸರಿ, ಸರಿ. ಹೊರಗಡೆ ಹಾಗೇ ಹೇಳಬೇಕು. ಆದರೆ ನಿಮ್ಮ ಹತ್ತಿರ ಹೇಳಿ ಬರೆಸಿದ್ದು ಯಾರು?"

ಮುಖಪುಟದಲ್ಲೇ 'ಹಾಸ್ಯ ಕಾದಂಬರಿ' ಎಂದು ಅಚ್ಚಾಗಿರುವುದನ್ನು ತೋರಿಸಿದೆ. ಅವರು ಅದನ್ನು ನೋಡಿ, ಕೋರ್ಟಿನ ಕಾಟ ತಪ್ಪಿಸಿಕೊಳ್ಳಲು ಪ್ರಕಾಶಕರು ಹಾಕಿದ್ದಿರಬೇಕು, ಒಳ್ಳೆಯ ಉಪಾಯ ಎಂದು ತಲೆದೂಗಿದರು. ಶಾಸನಗಳ ಸತ್ಯಾಸತ್ಯ ನೋಡುವುದು ಹೇಗೆಂದು ಹುಡುಗರಿಗೆ ವರ್ಷವಿಡೀ ಕಲಿಸುತ್ತಿದ್ದವರು ಅವರು.

ಎಂಬತ್ತರ ದಶಕದ ಮೊದಲ ವರ್ಷಗಳವು. ವಾರಪತ್ರಿಕೆಗಳಲ್ಲಿ ಹಳೆಯ ಸಿನಿಮಾ ನಟರ ಆತ್ಮಕಥೆಗಳ ಸುಗ್ಗಿ. ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರದು ಶುರುವಾಗುತ್ತಿತ್ತು. ಎಲ್ಲದರಲ್ಲೂ ಮೊದಲ ಅಧ್ಯಾಯದಲ್ಲಿ ಖಾಲಿ ಹೊಟ್ಟೆ ಮತ್ತು ಬೀದಿದೀಪ. ಆಮೇಲೆ ಕಪಾಳಕ್ಕೆ ಹೊಡೆದ ನಾಟಕ ಕಂಪನಿಯ ಯಜಮಾನ. ಅವನು ಮುಂದೆ ಕೊನೆಗಾಲದಲ್ಲಿ ಇವರ ಕೈ ಹಿಡಿದುಕೊಂಡು ಅಳಲೇಬೇಕು. ಆಮೇಲೆ ಕುದುರೆ. ಕುದುರೆ ಇಲ್ಲದ ಆತ್ಮಕಥೆಯನ್ನು ನಾನು ಓದಿಲ್ಲ. ಯಾರ ಮಾತನ್ನೂ ಕೇಳದ ಆ ಕುದುರೆ ಇವರನ್ನು ಕಂಡದ್ದೇ ತಲೆ ತಗ್ಗಿಸುತ್ತಿತ್ತು. 'ನಾನೇನೂ ಮಾಡಲಿಲ್ಲ, ಮಾಡಿಸಿದವನು ಅವನು' ಎಂದು ಒಂದು ಸಾಲು ಬರೆದು, ತಾವು ಮಾಡಿದ್ದನ್ನು ಮುಂದಿನ ಆರು ಪುಟ ಹೇಳುತ್ತಿದ್ದರು. ನನ್ನ ಅಮ್ಮ ಅದನ್ನೆಲ್ಲ ಓದಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಹಲ್ಲು ಕಡಿಯುತ್ತಿದ್ದೆ.

ಮೈಸೂರಿನಲ್ಲಿ ಎಂ.ಎ. ಓದುವಾಗ ಹಳೆಯ ಪುಸ್ತಕಗಳ ರಾಶಿಯಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಇಲ್ಲದ ನಟಿಯೊಬ್ಬಳ ಹುಸಿ ಆತ್ಮಕಥೆ. ಹಾಸ್ಟೆಲಿನ ಮಂಚದ ಮೇಲೆ ಬಿದ್ದು ನಕ್ಕಿದ್ದೆ. ಆಮೇಲೆ ಅದೇ ಜಾತಿಯ ಕಾದಂಬರಿಗಳನ್ನು ಹುಡುಕಿ ಹುಡುಕಿ ಓದಿದೆ. ಕೆಲವು ಬರೀ ಕೀಟಲೆ. ಒಳ್ಳೆಯವುಗಳಲ್ಲಿ ಮಾತ್ರ ಒಂದು ಗುಣ ಇರುತ್ತಿತ್ತು: ಸುಳ್ಳು ಹೇಳುವವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂದು ಗೊತ್ತೇ ಇರುವುದಿಲ್ಲ. ಅವನಿಗೆ ನಿಜವಾಗಿ ಹಾಗೇ ನೆನಪಿದೆ. ಇದು ನನಗೆ ಹಿಡಿಸಿತು. ನನಗೂ ನನ್ನ ನೆನಪಿನ ಮೇಲೆ ಅಂಥ ಭರವಸೆಯೇನಿಲ್ಲ. ಹಾಗೆಂದೇ ದಿನಚರಿ ಬರೆಯುವ ಅಭ್ಯಾಸ ಮಾಡಿಕೊಂಡವಳು ನಾನು. ಹಳೆಯ ದಿನಚರಿ ತೆಗೆದು ನೋಡಿದರೆ, ಬೇಕಾದ ದಿನದ ಪುಟದಲ್ಲಿ 'ಇಂದು ವಿಶೇಷವಿಲ್ಲ' ಎಂದಿರುತ್ತದೆ. ಅದು ಬೇರೆ ಮಾತು.

ಅಂತೂ ಕನ್ನಡಕ್ಕೂ ಅಂಥದ್ದೊಂದು ಇರಲಿ ಎಂದು, ಚಿಕ್ಕಮಗಳೂರಿನ ಬಾಡಿಗೆ ಮನೆಯಲ್ಲಿ ಕೂತು, ಎರಡು ಬೇಸಿಗೆ ರಜೆ ಸುರಿದು ಒಂದು ಪುಸ್ತಕ ಬರೆದೆ. ಅದರ ನಾಯಕ ಪೌರಾಣಿಕ ಚಿತ್ರಗಳ ಮುದುಕ ನಟ. ಅವನಿಗೆ ಹೆಸರಿಲ್ಲ. ತನ್ನನ್ನು 'ಈ ಬಡವ' ಎಂದೇ ಕರೆದುಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಎರಡು ಮನೆ ಇದ್ದರೂ ಬಡವ. ಬರೆಯುವಾಗಲೇ ಒಂದು ಕಷ್ಟ ಶುರುವಾಗಿತ್ತು. ನಾನು ಎಷ್ಟು ಉಬ್ಬಿಸಿದರೂ ನಿಜವಾದ ಆತ್ಮಕಥೆಗಳು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದವು. ಈ ಬಡವ ನೀರಿನಲ್ಲಿ ಉಸಿರು ಹಿಡಿದು ಕೂತಾಗ ಮೀನುಗಳು ಬಂದು ಪಾದ ಮುಟ್ಟಿ ಹೋದವು ಎಂದು ಬರೆದು, ಇದು ಅತಿಯಾಯಿತು, ತೆಗೆಯಬೇಕು ಅಂದುಕೊಂಡೆ. ಅದೇ ವಾರ ಪತ್ರಿಕೆಯಲ್ಲಿ ಒಬ್ಬರು, ಚಿತ್ರೀಕರಣದ ಹೊಳೆಯಲ್ಲಿದ್ದ ಮೊಸಳೆ ತಮ್ಮ ದೃಶ್ಯ ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡಿತ್ತು ಎಂದು ಬರೆದಿದ್ದರು. ನನ್ನ ಮೀನುಗಳನ್ನು ಹಾಗೇ ಬಿಟ್ಟೆ.

ಪುಸ್ತಕ ಬಂತು. ಯಾರೂ ನಗಲಿಲ್ಲ, ಎಲ್ಲರೂ ನಂಬಿದರು. ಕಳಸದ ಕಡೆಯ ಪ್ಲಾಂಟರ್ ಒಬ್ಬರು ಮದುವೆಮನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿ, ಆ ನಟ ತಮ್ಮ ಎಸ್ಟೇಟಿನ ಬಂಗಲೆಯಲ್ಲೂ ತಂಗಿದ್ದರು, ಅದನ್ನು ಬಿಟ್ಟದ್ದು ಸರಿಯಲ್ಲ ಎಂದು ಆಕ್ಷೇಪಿಸಿದರು. ಬಣಕಲ್ಲಿನಲ್ಲಿ ಟೈರು ಪಂಕ್ಚರ್ ಅಂಗಡಿಯ ಮಗ್ಗುಲಲ್ಲೇ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದ ಸಾಹೇಬರು ಅದನ್ನು ಜೀವನ ಚರಿತ್ರೆಗಳ ಸಾಲಿನಲ್ಲಿ ಜೋಡಿಸಿದ್ದರು. ಬಸ್ಸಿಳಿದಾಗ ಕಣ್ಣಿಗೆ ಬಿದ್ದು, ಹೋಗಿ ಜಗಳ ಮಾಡಿದೆ.

"ಸಾಹೇಬ್ರೇ, ಅದು ಕಾದಂಬರಿ. ಆ ಕಡೆ ಇಡಿ."

ಅವರು ಕೈಗೆ ಮೆತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತ ಶಾಂತವಾಗಿ ಹೇಳಿದರು: "ಅಕ್ಕಾ, ಕಾದಂಬರಿ ಕಡೆ ಇಟ್ಟರೆ ಯಾರೂ ಮುಟ್ಟಲ್ಲ. ಈ ಕಡೆ ಇಟ್ಟರೆ ಹೋದದ್ದು ವಾಪಸ್ಸೇ ಬರಲ್ಲ. ನಿಮಗೆ ಯಾವುದು ಬೇಕು?"

ಆ ಸಾಲಿನಿಂದಲೇ ನನ್ನ ಚಿಕ್ಕಪ್ಪ ಅದನ್ನು ಮನೆಗೆ ಒಯ್ದದ್ದು.

ಇಲ್ಲಿ ಚಿಕ್ಕಮ್ಮನ ಕಥೆ ಹೇಳಬೇಕು. ಅವಳು ನನ್ನ ಅಮ್ಮನ ತಂಗಿ. ಅವಳನ್ನು ಕೊಟ್ಟದ್ದು ಬಣಕಲ್ಲಿನಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿ ಬದಿಯ ಒಂದು ಸಣ್ಣ ಕಾಫಿ ತೋಟದ ಮನೆಗೆ. ಮದುವೆಯಾದ ಹೊಸತರಲ್ಲಿ, ಐವತ್ತರ ದಶಕದ ನಡುವೆ, ಒಂದು ದಿನ ಚಿಕ್ಕಪ್ಪ ಕಳಸಕ್ಕೆ ಹೋಗಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಒಬ್ಬ ರಾಜ ಅವರ ಮನೆಗೆ ಬಂದಿದ್ದನಂತೆ. ಮುಖಕ್ಕೆ ಗುಲಾಬಿ ಬಣ್ಣ, ಕಣ್ಣಿಗೆ ಕಾಡಿಗೆ, ಜರಿ ಪಂಚೆ. ಕಿರೀಟವನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡಿದ್ದ. ಚಾರ್ಮಾಡಿ ಘಾಟಿಯಲ್ಲಿ ಮದ್ರಾಸಿನ ಯಾವುದೋ ಸಿನಿಮಾ ಕಂಪನಿ ಶೂಟಿಂಗ್ ನಡೆಸಿತ್ತು, ವ್ಯಾನು ಇವರ ಗೇಟಿನ ಹತ್ತಿರ ಕೆಟ್ಟು ನಿಂತಿತ್ತು. ಜಗಲಿಯಲ್ಲಿ ಕೂತ ರಾಜನಿಗೆ ಚಿಕ್ಕಮ್ಮ ಕಾಫಿ ಕೊಟ್ಟಳು. ವ್ಯಾನು ಸರಿಯಾಯಿತು, ರಾಜ ಹೋದ. ಅಷ್ಟೇ ಕಥೆ.

ಅದನ್ನು ಚಿಕ್ಕಪ್ಪ ಒಂದು ದಿನವೂ ನಂಬಲಿಲ್ಲ. ಕಳಸದಿಂದ ವಾಪಸ್ಸು ಬಂದ ದಿನ ಅವಳು ಹೇಳಿದಾಗ ಹೊಟ್ಟೆ ಹಿಡಿದು ನಕ್ಕಿದ್ದರಂತೆ. "ಯಕ್ಷಗಾನದವನು ಯಾರೋ ದಾರಿ ತಪ್ಪಿ ಬಂದಿರಬೇಕು ಮಾರಾಯ್ತಿ. ಇಲ್ಲವಾದರೆ ಮಧ್ಯಾಹ್ನದ ನಿದ್ದೆ." ಆಮೇಲೆ ಅದು ಮನೆಯ ಖಾಯಂ ತಮಾಷೆಯಾಯಿತು. ಅನ್ನ ಸೀದರೆ, "ಯಾವ ರಾಜ ಬಂದಿದ್ದ ಇವತ್ತು?" ಬಾಗಿಲು ಬಡಿದರೆ, "ನೋಡೇ, ನಿನ್ನ ಮಹಾರಾಜರು ಬಂದರೇನೋ." ನೆಂಟರ ಮುಂದೆ, ಮಗನ ಮುಂದೆ, ಕೊನೆಗೆ ಸೊಸೆಯ ಮುಂದೆ. ಚಿಕ್ಕಮ್ಮ ಮೊದಮೊದಲು ವಾದಿಸುತ್ತಿದ್ದಳು. ಆಮೇಲೆ ಬಿಟ್ಟಳು. ಒಮ್ಮೆ ನನ್ನ ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: "ರಾಜನಿಗಲ್ಲ ಅಕ್ಕ ನನಗೆ ಬೇಜಾರು. ನನ್ನ ಕಣ್ಣಾರೆ ಕಂಡದ್ದನ್ನು ಈ ಮನೆಯಲ್ಲಿ ಒಬ್ಬರೂ ನಂಬಲ್ಲವಲ್ಲ, ಅದಕ್ಕೆ."

ಇದೆಲ್ಲ ನನಗೆ ಚೆನ್ನಾಗಿ ನೆನಪಿದೆ ಎಂದು ಈಗ ಬರೆಯುತ್ತಿದ್ದೇನೆ. ಆದರೆ ಪುಸ್ತಕ ಬರೆಯುವಾಗ ಇದು ನನಗೆ ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ಏಳನೆಯ ಅಧ್ಯಾಯದಲ್ಲಿ ಈ ಬಡವನ ಕಾರು ಘಾಟಿಯಲ್ಲಿ ಕೆಡುತ್ತದೆ. ಅವನು ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಕಾಫಿ ತೋಟದ ಮನೆಯ ಜಗಲಿ ಹತ್ತುತ್ತಾನೆ. ಬರೆದ ದಿನ ಆ ಕಿರೀಟ ನನ್ನದೇ ಕಲ್ಪನೆ ಎಂದು ನಾನು ಬೀಗಿದ್ದಂತೂ ನಿಜ. ಅನುಮಾನ ಬಂದು ದಿನಚರಿ ತೆಗೆದು ನೋಡಿದೆ. ಏಳನೆಯ ಅಧ್ಯಾಯ ಮುಗಿಯಿತು, ಸೀಮೆಎಣ್ಣೆ ಸ್ಟವ್ ಮತ್ತೆ ಕೈಕೊಟ್ಟಿತು ಎಂದಿತ್ತು.

ಚಿಕ್ಕಪ್ಪ ನಿಧಾನವಾಗಿ ಓದುವ ಮನುಷ್ಯ. ಊಟವಾದ ಮೇಲೆ ಎರಡು ಪುಟ, ಆಮೇಲೆ ಎದೆಯ ಮೇಲೆ ಪುಸ್ತಕ, ಆಮೇಲೆ ಗೊರಕೆ. ಏಳನೆಯ ಅಧ್ಯಾಯ ರಾಜ ಜಗಲಿ ಹತ್ತುವಲ್ಲಿಗೆ ಮುಗಿಯುತ್ತದೆ. ಅಲ್ಲಿಗೆ ಬಂದಾಗ ಅವರು ಎದ್ದು ಕೂತು ಕೂಗಿದರಂತೆ: "ಇಲ್ಲಿ ಬಾರೇ! ನೀನು ಹೇಳಿದ್ದು ನಿಜ! ಪುಸ್ತಕದಲ್ಲಿ ಬಂದಿದೆ!"

ಹೆಂಡತಿ ಸುಮಾರು ಮೂವತ್ತು ವರ್ಷ ಹೇಳಿದ್ದನ್ನು ನಂಬದ ಮನುಷ್ಯ, ಸುಳ್ಳುಗಾರನೊಬ್ಬನನ್ನು ಗೇಲಿ ಮಾಡಲು ನಾನು ಹೊಸೆದ ಸುಳ್ಳನ್ನು ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ನಂಬಿದರು. ಜಗಲಿಯಲ್ಲಿದ್ದ ಹಳೆಯ ಬೆತ್ತದ ಕುರ್ಚಿಯನ್ನು ಒರೆಸಿ ಬೇರೆಯಾಗಿ ಇಟ್ಟರು. ಅದರಲ್ಲಿ ಯಾರಾದರೂ ಕೂರಲು ಹೋದರೆ, "ಅದು ಬೇಡ, ಅದು ಅವರು ಕೂತದ್ದು" ಎನ್ನುತ್ತಿದ್ದರಂತೆ. ಆ ಕುರ್ಚಿ ಕೊಂಡದ್ದು ಅವರ ಮಗ ಹುಟ್ಟಿದ ಮೇಲೆ. ಮೇಸ್ತ್ರಿಗೆ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ, ಹಾಲಿನವನಿಗೆ, ಬಸ್ಸಿನ ಕಂಡಕ್ಟರಿಗೆ ಎಲ್ಲ ಹೇಳಿದರು. ಒಂದು ವಾರ ಚಿಕ್ಕಮ್ಮ ಆ ಮನೆಯಲ್ಲಿ ನಿಜ ಹೇಳುವ ಹೆಂಗಸಾಗಿದ್ದಳು.

ಆಮೇಲೆ ಅವರು ಎಂಟನೆಯ ಅಧ್ಯಾಯ ಓದಿದರು.

ಫೋನು ಬಂದದ್ದು ಕಾಲೇಜಿಗೆ. ಚಿಕ್ಕಮ್ಮ ಪಕ್ಕದ ದೊಡ್ಡ ಎಸ್ಟೇಟಿನ ಆಫೀಸಿನಿಂದ ಮಾಡಿದ್ದಳು. ಫೋನಿನಲ್ಲಿ ಕೂಗಿಯೇ ಮಾತಾಡಬೇಕು ಎಂದು ಅವಳು ನಂಬಿದ್ದಳು.

"ನಿನ್ನ ಚಿಕ್ಕಪ್ಪ ಮನೆಯಲ್ಲಿ ಕಾಫಿ ಕುಡಿಯೋದು ಬಿಟ್ಟಿದ್ದಾರೆ! ಕೊಟ್ಟಿಗೆಹಾರಕ್ಕೆ ಹೋಗಿ ಹೋಟೆಲಲ್ಲಿ ಕುಡೀತಾರೆ!"

ಇದು ಎಷ್ಟು ದೊಡ್ಡ ಸುದ್ದಿ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ಕಾಫಿ ಬೆಳೆಯುವವನು ಹೆಂಡತಿ ಕೈ ಕಾಫಿ ಬಿಟ್ಟು ಹೋಟೆಲಿನ ಬೆಂಚಿನ ಮೇಲೆ ಕೂತ ಎಂದರೆ, ಊರಿಗೆ ಬೇರೆ ಡಂಗುರ ಬೇಕಿಲ್ಲ.

"ಯಾಕಂತೆ?"

"ಕಾಫಿ ಹೂವಿನಂಥ ಕಣ್ಣು ಅಂತ ಬರೆದಿದ್ದೀಯಲ್ಲ, ಅದಕ್ಕೆ! ನೀನೇ ಬರೆದದ್ದು, ನೀನೇ ಬಂದು ಸರಿಮಾಡು. ಇಡ್ತೀನಿ, ಇಲ್ಲಿ ರೈಟರು ಕೇಳ್ತಾ ಕೂತಿದಾರೆ!"

ಎಂಟನೆಯ ಅಧ್ಯಾಯದಲ್ಲಿ ಈ ಬಡವ ಬರೆಯುತ್ತಾನೆ: 'ಆ ಮನೆಯ ಮಹಾಲಕ್ಷ್ಮಿಯ ಕಣ್ಣುಗಳು ಆಗತಾನೆ ಅರಳಿದ ಕಾಫಿ ಹೂವಿನಂತಿದ್ದವು. ಇಂದಿಗೂ ಕಾಫಿಯ ಮೊದಲ ಗುಟುಕಿಗೆ ನಾನು ಕಣ್ಣು ಮುಚ್ಚುತ್ತೇನೆ. ನಿದ್ದೆ ಬಂತೇ ಎಂದು ನನ್ನ ಶ್ರೀಮತಿಯವರು ಕೇಳುತ್ತಾರೆ.' ಇದನ್ನು ಬರೆದಾಗ ನಾನು ಒಬ್ಬಳೇ ನಕ್ಕಿದ್ದೆ. ಕಾಫಿ ಹೂವು ಬಿಳಿ. ಅದರಂಥ ಕಣ್ಣು ಎಂದರೆ ಕಣ್ಣಿನಲ್ಲಿ ಪೊರೆ ಬಂದಿದೆ ಎಂದರ್ಥ. ಈ ಬೆಟ್ಟಗಳಲ್ಲಿ ಒಬ್ಬರಾದರೂ ಇದನ್ನು ಹಿಡಿದು ನಗುತ್ತಾರೆ ಅಂದುಕೊಂಡಿದ್ದೆ.

ಶನಿವಾರ ಬೆಳಗಿನ ಬಸ್ಸು ಹಿಡಿದೆ. ಮೂಡಿಗೆರೆ ದಾಟುವವರೆಗೂ ಕಿಟಕಿಗೆ ತಲೆಕೊಟ್ಟು ಲೆಕ್ಕ ಹಾಕಿದೆ. ಪುಸ್ತಕ ಸುಳ್ಳು ಎಂದು ಚಿಕ್ಕಪ್ಪನಿಗೆ ಖಚಿತ ಮಾಡಿದರೆ ಹೋಟೆಲಿನ ಕಾಫಿ ನಿಲ್ಲುತ್ತದೆ. ಆದರೆ ಅದರ ಜೊತೆಗೇ ಚಿಕ್ಕಮ್ಮನ ರಾಜನೂ ಹೋಗುತ್ತಾನೆ, ಅವಳು ಮತ್ತೆ ಮಧ್ಯಾಹ್ನದ ನಿದ್ದೆಯಲ್ಲಿ ಕನಸು ಕಂಡವಳಾಗುತ್ತಾಳೆ. ನಿಜ ಎಂದರೆ ಕಣ್ಣುಗಳೂ ನಿಜವಾಗುತ್ತವೆ. ಯಾವ ಸಾಹಿತ್ಯ ವಿಮರ್ಶೆಯ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಹಾಸ್ಯ ಬರೆಯುವ ಬುದ್ಧಿ ಯಾಕಾದರೂ ಬಂತೋ ಎಂದು ನನಗೇ ಬೈದುಕೊಂಡೆ.

ಫೆಬ್ರವರಿ ಇರಬೇಕು. ಕೊಯ್ಲು ಮುಗಿದಿತ್ತು, ಕಣದ ತುಂಬ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು. ಅವರ ಮಗ ಅಲ್ಲಿ ಬಿಸಿಲಿನಲ್ಲಿ ನಿಂತು ಕಾಫಿ ಕೈಯಾಡಿಸುತ್ತಿದ್ದವನು, ನನ್ನನ್ನು ಕಂಡು ಒಳಗೆ ಹೋಗು ಎಂದು ಕಣ್ಣಿನಲ್ಲೇ ಸನ್ನೆ ಮಾಡಿ, ತಾನು ಮಾತ್ರ ಕಣ ಬಿಟ್ಟು ಕದಲಲಿಲ್ಲ. ಜಗಲಿಯಲ್ಲಿ ಚಿಕ್ಕಪ್ಪ ಆರಾಮಕುರ್ಚಿಯಲ್ಲಿದ್ದರು. ಚಿಕ್ಕಮ್ಮ ನೆಲದ ಮೇಲೆ ಕೂತು ಮೊರದಲ್ಲಿ ಮನೆಬಳಕೆಯ ಬೀಜ ಹಸನು ಮಾಡುತ್ತಿದ್ದಳು. ಬೆತ್ತದ ಕುರ್ಚಿ ಕಾಣಲಿಲ್ಲ. ಹಿತ್ತಲಿಗೆ ಹಾಕಿದ್ದರು ಎಂದು ಆಮೇಲೆ ಗೊತ್ತಾಯಿತು.

"ಬಾರಮ್ಮ ಬಾ, ಸಾಹಿತಿಗಳು ಬಂದರು," ಎಂದರು ಚಿಕ್ಕಪ್ಪ. "ಕಾಫಿ ಬೇಕಾದರೆ ನಿನ್ನ ಚಿಕ್ಕಮ್ಮನ್ನ ಕೇಳು. ಅವಳ ಕಾಫಿಗೆ ಮದ್ರಾಸಿನವರೆಗೆ ಹೆಸರಿದೆ."

"ಕೇಳಿದ್ಯಾ?" ಎಂದಳು ಚಿಕ್ಕಮ್ಮ, ಮೊರದಿಂದ ಕಣ್ಣೆತ್ತದೆ. "ಮೂರು ಹೊತ್ತೂ ಇದೇ ರಾಗ."

ನಾನು ನಿಂತೇ ಹೇಳಿಬಿಟ್ಟೆ. "ಚಿಕ್ಕಪ್ಪ, ಆ ಪುಸ್ತಕ ಪೂರ್ತಿ ಸುಳ್ಳು. ನಾನೇ ಹುಟ್ಟಿಸಿದ್ದು. ಅಂಥ ನಟನೇ ಇಲ್ಲ."

"ಹಾಗಾದರೆ ನಮ್ಮ ಮನೆಗೆ ಯಾರೂ ಬರಲಿಲ್ಲ?"

ಚಿಕ್ಕಮ್ಮನ ಕೈ ಮೊರದಲ್ಲಿ ನಿಂತಿತು.

"ಹಾಗಲ್ಲ. ಚಿಕ್ಕಮ್ಮ ಹೇಳಿದ್ದು ನಿಜ ಇರಬಹುದು. ಪುಸ್ತಕದಲ್ಲಿರುವುದು ಸುಳ್ಳು."

"ಇರಬಹುದು?" ಎಂದಳು ಚಿಕ್ಕಮ್ಮ.

"ಇವಳು ಹೇಳಿದ್ದೂ ಕಂಕುಳಲ್ಲಿ ಕಿರೀಟ, ನೀನು ಬರೆದದ್ದೂ ಕಂಕುಳಲ್ಲಿ ಕಿರೀಟ," ಎಂದರು ಚಿಕ್ಕಪ್ಪ. "ಕಿರೀಟ ನಿಜವಂತೆ, ಕಣ್ಣು ಸುಳ್ಳಂತೆ. ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳು, ಒಂದು ಗೆರೆ ಎಳೆದು ಕೊಡು ಮಾರಾಯ್ತಿ. ಎಂ.ಎ. ಮಾಡಿದೀಯಲ್ಲ."

ಆ ಗೆರೆ ಎಳೆಯಲು ಬಂದಿದ್ದರೆ ನಾನು ಆ ಪುಸ್ತಕವನ್ನು ಬರೆಯುತ್ತಲೇ ಇರಲಿಲ್ಲವೇನೋ. ಅದನ್ನು ಅವರಿಗೆ ಹೇಳಲಿಲ್ಲ. ಕಿಟಕಿಯ ಮೇಲಿದ್ದ ಪುಸ್ತಕ ಎತ್ತಿಕೊಂಡೆ. ಸಾಹೇಬರ ಅಂಗಡಿಯ ಮೊಹರು ಹೊಡೆದ, ಬೆರಳಿನ ಗ್ರೀಸು ಅಂಟಿದ ಪ್ರತಿ. ಗಟ್ಟಿಯಾಗಿ ಓದಿದರೆ ಇವನು ಎಂಥ ಬುರುಡೆದಾಸ ಎಂದು ತಾನೇ ತಿಳಿದೀತು ಎಂದು ಓದತೊಡಗಿದೆ. ಕಣ್ಣಿನ ಸಾಲು ಹಾರಿಸಿದೆ. "ಅದನ್ನೂ ಓದು," ಎಂದರು ಚಿಕ್ಕಪ್ಪ. ಓದಿದೆ. ಅವರು ಛಾವಣಿ ನೋಡುತ್ತಿದ್ದರು. ಮುಂದಿನ ಪ್ಯಾರಾಕ್ಕೆ ಬಂದೆ.

'ಆಮೇಲೆ ಆಕೆ ಕಾಫಿ ತಂದಿತ್ತಳು. ಈ ಬಡವ ಅರಮನೆಗಳಲ್ಲಿ ಕಾಫಿ ಕುಡಿದಿದ್ದಾನೆ, ವಿಮಾನಗಳಲ್ಲಿ ಕುಡಿದಿದ್ದಾನೆ. ಆದರೆ ಆ ಲೋಟದಲ್ಲಿದ್ದುದು ಕಾಫಿಯಲ್ಲ, ಅಮೃತ. ಇನ್ನೊಂದು ಲೋಟ ಕೇಳಿ ಕುಡಿದೆ. ಮತ್ತೊಂದು ಕೇಳಲು ನಾಚಿಕೆಯಾಯಿತು.'

"ತಡಿ," ಎಂದರು ಚಿಕ್ಕಪ್ಪ. "ಇನ್ನೊಂದು ಸಲ ಓದು."

ಓದಿದೆ.

ಅವರು ಚಿಕ್ಕಮ್ಮನ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ನೇರವಾಗಿ ಅವಳನ್ನು ನೋಡಿ ಮಾತಾಡಿದ್ದು ಅದೇ ಇರಬೇಕು. "ನಾನು ಯಾವಾಗ ಊರಲ್ಲಿರಲಿಲ್ಲ ಅಂದೆ?"

"ನಿಮ್ಮ ತಂಗಿ ಸಂಬಂಧ ಮಾತಾಡೋಕೆ ಕಳಸಕ್ಕೆ ಹೋಗಿದ್ರಲ್ಲ. ಆವಾಗ."

"ಕಳಸಕ್ಕೆ ಹೋಗುವಾಗ ಮನೆಗಿಟ್ಟ ಒಳ್ಳೆ ಕಾಫಿಯನ್ನ ಅವರಿಗೆ ಅಂತ ಕಟ್ಟಿಕೊಂಡು ಹೋಗಿದ್ದೆ."

"ಹ್ಞೂ. ಡಬ್ಬಿ ಗುಡಿಸಿಕೊಂಡು."

"ಮತ್ತೆ ಇವನಿಗೆ ಎಂಥದ್ದು ಕಾಸಿ ಕೊಟ್ಟೆ?"

ಗಟ್ಟದ ಮೇಲಿನವರು ಎಲ್ಲ ಹೊತ್ತೂ ಒಳ್ಳೆಯ ಕಾಫಿ ಕುಡಿಯುತ್ತಾರೆ ಎಂದು ಬಯಲುಸೀಮೆಯವರು ತಿಳಿದಿರುತ್ತಾರೆ. ಆ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿಗೆ, ಪೂಲ್ ಎಂದು ಒಪ್ಪಿಸಬೇಕಿತ್ತು. ಮನೆಗೆ ಎಂದು ಸ್ವಲ್ಪ ಇಟ್ಟುಕೊಳ್ಳಬಹುದಿತ್ತು, ಅದೂ ನೆಂಟರ ಪಾಲು. ಮನೆಯವರು ಕುಡಿಯುತ್ತಿದ್ದುದು ಗಿಡದ ಬುಡದಲ್ಲಿ ಉದುರಿ ಮಣ್ಣು ಮೆತ್ತಿದ್ದು, ಹಸನು ಮಾಡುವಾಗ ಬೇರೆ ತೆಗೆದ ಕಪ್ಪು ಬೀಜ, ಒಡಕು ಬೀಜ. ಅದನ್ನು ಮಸಿಯಾಗುವಂತೆ ಹುರಿದು, ಮೆಂತ್ಯ ಸೇರಿಸಿ, ಬೆಲ್ಲ ಹಾಕಿ ಕಾಸುವುದು. ಹುಟ್ಟಿದಾಗಿನಿಂದ ಕುಡಿದವರಿಗೆ ಮಾತ್ರ ಅದು ಗಂಟಲಿನಲ್ಲಿ ಇಳಿಯುತ್ತದೆ.

"ಇನ್ಯಾವುದು ಇತ್ತು ಮನೇಲಿ?" ಎಂದಳು ಚಿಕ್ಕಮ್ಮ. "ಉದುರು ಬೀಜದ್ದೇ. ಸೀಮೆಎಣ್ಣೆ ಡಬ್ಬಿ ಪಕ್ಕ ಇಟ್ಟಿದ್ದು."

ಚಿಕ್ಕಪ್ಪನ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಹೆಗಲು. "ಅದನ್ನ... ಅಮೃತ ಅಂದನಾ?" ಎಂದರು. "ಇನ್ನೊಂದು ಲೋಟ ಕೇಳಿದನಾ?" ಕುರ್ಚಿಯ ಕೈ ಬಡಿದು ಬಡಿದು ನಕ್ಕರು. "ಅಯ್ಯೋ ಸುಳ್ಳುಗಾರ! ಎಂಥ ಸುಳ್ಳುಗಾರ ಮಾರಾಯ್ತಿ ಇವನು! ಅರಮನೆಯಲ್ಲಿ ಕುಡಿದನಂತೆ!" ಕಣ್ಣಲ್ಲಿ ನೀರು ಬಂತು. ಪುಸ್ತಕ ಕಿತ್ತುಕೊಂಡು, ಈ ಬಡವನಿಗೂ ತಲೆ ತಗ್ಗಿಸಿದ ಕುದುರೆಯ ಪುಟ ಹುಡುಕಿದರು. ಕುದುರೆಗೂ ನಕ್ಕರು. ಮೀನುಗಳಿಗೂ ನಕ್ಕರು. ನನ್ನ ಪುಸ್ತಕಕ್ಕೆ ಸಿಕ್ಕ ಮೊದಲ ಸರಿಯಾದ ಓದುಗ ಅವರು. ಆ ಗಳಿಗೆಯಲ್ಲಿ ನನಗೆ ಎಷ್ಟು ಖುಷಿಯಾಯಿತೆಂದರೆ, ಚಿಕ್ಕಮ್ಮ ಅಲ್ಲಿ ಕೂತಿರುವುದೇ ಮರೆತುಹೋಗಿತ್ತು.

"ಸರಿ ಬಿಡು," ಎಂದು ಚಿಕ್ಕಪ್ಪ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. "ಬರೀ ಬುರುಡೆ. ಸುಮ್ಮನೆ ತಲೆ ಕೆಡಿಸಿಕೊಂಡೆ. ಯಾವ ರಾಜನೂ ಬಂದಿಲ್ಲ, ಯಾವ ಮಂತ್ರಿಯೂ ಬಂದಿಲ್ಲ. ನಾನು ಮೊದಲೇ ಹೇಳಿದ್ದೆ. ಮಧ್ಯಾಹ್ನದ ನಿದ್ದೆ."

ಚಿಕ್ಕಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಬಂದಿದ್ದ."

"ಆಯ್ತು ಮಾರಾಯ್ತಿ, ಬಂದಿದ್ದ. ಅಮೃತ ಕುಡಿದ."

"ಕುಡಿಯಲಿಲ್ಲ. ಚೆಲ್ಲಿದ."

ಚಿಕ್ಕಪ್ಪ ಅವಳನ್ನು ನೋಡಿದರು.

"ಒಂದು ಗುಟುಕು ಕುಡಿದ. ಅಷ್ಟು ಬಣ್ಣ ಬಳಿದ ಮುಖದಲ್ಲೂ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡ. ಕಾಡಿಗೆ ಎಲ್ಲ ಇಳೀತು. 'ರೊಂಬ ನಲ್ಲ ಕಾಪಿ ಅಮ್ಮ' ಅಂತ ತಮಿಳಲ್ಲಿ ಹೊಗಳಿದ. ಆಮೇಲೆ ಕೈಸನ್ನೆಯಲ್ಲಿ ನೀರು ಕೇಳಿದ. ನಾನು ಒಳಗೆ ಹೋಗಿ ಚೊಂಬು ತರುವಾಗ ಕಿಟಕಿಯಿಂದ ಕಂಡೆ. ಅತ್ತ ಇತ್ತ ನೋಡಿ, ಕ್ರೋಟನ್ ಕುಂಡಕ್ಕೆ ಸುರಿದ. ಕುಡಿದ ಹಾಗೆ ಕಾಣಲಿ ಅಂತ ಬಾಯಿ ಒರೆಸಿಕೊಂಡ. ನಾನು ಬಂದಾಗ ಖಾಲಿ ಲೋಟ ಕೊಟ್ಟು ಮತ್ತೆ 'ರೊಂಬ ನಲ್ಲ' ಅಂದ. ಕಿರೀಟ ಎತ್ತಿಕೊಂಡು ಹೋದ."

ಕಣದಲ್ಲಿ ಕಾಫಿ ಎಳೆಯುವ ಸದ್ದು ನಿಂತಿತ್ತು. ಮಗನೂ ಕೇಳುತ್ತಿದ್ದ ಎಂದು ಕಾಣುತ್ತದೆ.

"ಇಷ್ಟು ವರ್ಷ ಇದನ್ನ ಹೇಳಲೇ ಇಲ್ಲವಲ್ಲ ನೀನು?" ಎಂದರು ಚಿಕ್ಕಪ್ಪ.

"ಏನಂತ ಹೇಳಲಿ? ಮನೆಗೆ ಬಂದವನು ನನ್ನ ಕೈ ಕಾಫಿಯನ್ನ ಕುಂಡಕ್ಕೆ ಸುರಿದು ಹೋದ ಅಂತಲಾ? ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಿಮ್ಮ ಅಮ್ಮ ಇನ್ನೂ ಇದ್ದರು." ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು, "ಕೊಟ್ಟೆ, ಹೋದ ಅಂದಷ್ಟಕ್ಕೇ ನೀವು ಹಾಗೆ ನಕ್ಕಿರಿ. ಇದನ್ನೂ ಹೇಳಿದ್ದರೆ?"

ಚಿಕ್ಕಪ್ಪ ಎದ್ದರು. ಜಗಲಿಯ ಮೆಟ್ಟಿಲ ಮೂಲೆಗೆ ಹೋಗಿ ನಿಂತರು. ಕ್ರೋಟನ್ ಕುಂಡ ಇದ್ದ ಜಾಗ ಅದಂತೆ. ಈಗ ಅಲ್ಲಿ ಗಮ್‌ಬೂಟುಗಳಿದ್ದವು. ಅವುಗಳನ್ನೇ ನೋಡುತ್ತ ಕೇಳಿದರು:

"ಪೂರ್ತಿ ಚೆಲ್ಲಿದನಾ?"

"ಪೂರ್ತಿ."

"ಹಾಗಾದರೆ ಬಂದಿದ್ದ ಕಣೇ," ಎಂದರು. "ಆ ಕಾಫಿಗೆ ಬೇರೆ ಯಾರು ಏನು ಮಾಡಿಯಾರು?"

ಚಿಕ್ಕಪ್ಪ ಕುರ್ಚಿಯಲ್ಲಿ ಬಿಟ್ಟುಹೋದ ಪುಸ್ತಕವನ್ನು ನಾನು ಎತ್ತಿಕೊಂಡೆ. ಸತ್ಯಾಸತ್ಯಕ್ಕೆ ಇಂಥದ್ದೊಂದು ಪರೀಕ್ಷೆ ಇದೆ ಎಂದು ನಮ್ಮ ಇತಿಹಾಸದ ಅಧ್ಯಾಪಕರಿಗೆ ಹೇಳಬೇಕು ಅನಿಸಿತು. ಚಿಕ್ಕಮ್ಮ ಮೊರ ಎಳೆದುಕೊಂಡು, ಕಪ್ಪು ಬೀಜ ಒಂದು ಕಡೆ, ಬಿಳಿಯದು ಒಂದು ಕಡೆ ಮಾಡತೊಡಗಿದಳು. ಅವಳ ಕೈ ಮೊದಲಿಗಿಂತ ಜೋರಾಗಿ ಓಡುತ್ತಿತ್ತು, ಅಥವಾ ನನಗೆ ಹಾಗೆ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಪ್ಪ ಒಳಬಾಗಿಲ ಕಡೆ ಮುಖ ಮಾಡಿ, ಯಾರಿಗೂ ಅಲ್ಲ ಎಂಬಂತೆ, "ಒಂದು ಲೋಟ ಕಾಫಿ ಸಿಗುತ್ತಾ ಈ ಮನೇಲಿ?" ಎಂದರು.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಮೇ ತಿಂಗಳಲ್ಲಿ ಮತ್ತೆ ಹೋದಾಗ ಜಗಲಿಯಲ್ಲಿ ಜನ. ಕಳಸದಿಂದ ಚಿಕ್ಕಪ್ಪನ ಭಾವ, ಅಂದರೆ ಆ ತಂಗಿಯ ಗಂಡ, ಬಂದಿದ್ದರು. ಬೆತ್ತದ ಕುರ್ಚಿ ಹಿತ್ತಲಿನಿಂದ ವಾಪಸ್ಸು ಬಂದಿತ್ತು. ಗಮ್‌ಬೂಟುಗಳ ಜಾಗದಲ್ಲಿ ಹೊಸ ಕ್ರೋಟನ್ ಕುಂಡ. ಚಿಕ್ಕಪ್ಪ ನಿಂತುಕೊಂಡು ಅಭಿನಯಿಸಿ ತೋರಿಸುತ್ತಿದ್ದರು.

"ಒಂದು ಗುಟುಕು ಕುಡಿದ ನೋಡಿ ಭಾವ, ಮುಖ ಹೀಗಾಯಿತು. ನಾನು ಈ ಕಂಬದ ಹಿಂದೆಯೇ ನಿಂತಿದ್ದೆ. ಅವನಿಗೆ ನಾನು ಕಾಣಲಿಲ್ಲ. ಅತ್ತ ನೋಡಿದ, ಇತ್ತ ನೋಡಿದ. ಸುರಿದೇಬಿಟ್ಟ! ನನಗೆ ನಗು ತಡೆಯೋಕೆ ಆಗಲಿಲ್ಲ."

"ಹೌದು ಹೌದು, ನೀವು ಆ ಕಾಲದಲ್ಲೇ ಹೇಳಿದ್ದು ನೆನಪಿದೆ," ಎಂದರು ಭಾವ.

ಆ ದಿನ ಚಿಕ್ಕಪ್ಪ ಇದ್ದದ್ದೇ ಈ ಭಾವನ ಮನೆಯಲ್ಲಿ. ಇವರದೇ ಮದುವೆಯ ಮಾತುಕತೆಗೆ, ಡಬ್ಬಿ ಗುಡಿಸಿ ತಂದ ಒಳ್ಳೆಯ ಕಾಫಿಯನ್ನು ಇವರ ಜೊತೆಗೇ ಕುಡಿಯುತ್ತ. ಅದಕ್ಕೆ ಇಡೀ ಲೋಕದಲ್ಲಿ ಇದ್ದ ಒಬ್ಬ ಸಾಕ್ಷಿ ಈ ಮನುಷ್ಯ. ಅವರೂ ತಲೆದೂಗುತ್ತ ಕೂತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಯಿತು. ಇಬ್ಬರಲ್ಲಿ ಒಬ್ಬರಿಗೂ ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಚಿಕ್ಕಪ್ಪ ಕಂಬದ ಹಿಂದೆ ನಿಂತದ್ದು ಅವರಿಗೆ ಚೆನ್ನಾಗಿ ನೆನಪಿತ್ತು.

ಅಡುಗೆಮನೆಗೆ ಹೋಗಿ ಚಿಕ್ಕಮ್ಮನ ಮೇಲೆ ರೇಗಿದೆ. "ಕೇಳಿಸ್ತಾ? ಕಂಬದ ಹಿಂದೆ ನಿಂತಿದ್ದರಂತೆ! ಹೋಗಿ ಹೇಳು ಚಿಕ್ಕಮ್ಮ. ಇಲ್ಲ, ನಾನೇ ಹೇಳ್ತೀನಿ."

ಅವಳು ಒಲೆಯ ಮೇಲಿನ ಪಾತ್ರೆಯಿಂದ ಕಾಫಿ ಸೋಸುತ್ತಿದ್ದಳು. "ಬಿಡು," ಎಂದಳು.

"ನೀನು ಒಬ್ಬಳೇ ಕಂಡದ್ದು ಅದು!"

"ಒಬ್ಬಳೇ ಕಂಡು ಇಷ್ಟು ವರ್ಷ ಆಯ್ತಲ್ಲ, ಸಾಕಾಗಿದೆ ನನಗೆ. ಈಗ ಇಬ್ಬರು ಕಂಡ ಹಾಗಾಯ್ತು. ಹಿಡಿ, ಬಿಸಿ ಇದೆ."

ಲೋಟ ನನ್ನ ಕೈಗೆ ಬಂತು. ಒಳ್ಳೆಯ ಪುಡಿ ಕಳಸದ ಭಾವನಿಗೆ. ನಾನು ಮನೆಯವಳಲ್ಲವೇ, ನನಗೆ ಮಾಮೂಲಿನದೇ. ಜಗಲಿಗೆ ತಂದು ಒಂದು ಗುಟುಕು ಕುಡಿದೆ. ಚಿಕ್ಕಪ್ಪ ಮಾತು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ಚಿಕ್ಕಮ್ಮನೂ ನೋಡುತ್ತಿದ್ದಳು. ಹೊಸ ಕುಂಡ ಕೈಗೆಟುಕುವ ದೂರದಲ್ಲೇ ಇತ್ತು. ನಾನು ಲೋಟ ಖಾಲಿಯಾಗುವವರೆಗೂ ಕುಡಿದೆ.